ಹಳೆ ರೈಫಲ್ ಮೊದಲಿನ ಹಾಗೆ ಆಗ್ಬೇಕಾದ್ರೆ: ಕಣ್ಣಿಗೆ ಕಾಣುವ ಲಕ್ಷಣದಿಂದ ದೋಷ ಹುಡುಕುದು

2024ರ ಲೋಕಸಭೆ ಎಲೆಕ್ಷನ್‌ಗೆ ಕೋವಿ ಪೊಲೀಸರ ಹತ್ರ ಡೆಪಾಸಿಟ್ ಇಟ್ಟವ್ರಿಗೆ ನೆನಪಿರ್ಬಹುದು, ನಮ್ಮಲ್ಲಿ ವೋಟಿಂಗ್ ಏಪ್ರಿಲ್ 26ಕ್ಕೆ, ಎಣಿಕೆ ಜೂನ್ 4ಕ್ಕೆ, ಕೋವಿ ಕೈಗೆ ಬರುವಾಗ ಮಳೆ ಶುರುವಾಗಿ ಆಗಿತ್ತು. ಆ ವಾರ ಕಾಸರಗೋಡಿನ ಬದಿಯಡ್ಕದ ಈಚೆ ನಮ್ಮ ಮನೆಗೆ ಮೂರು ಜನ ಬಂದ್ರು, ಮೂವರ ಕೈಯಲ್ಲೂ ಅಜ್ಜನ ಕಾಲದ ರೈಫಲ್, ಮೂವರದ್ದೂ ಒಂದೇ ಮಾತು, "ಭಾವ, ಇದನ್ನೊಂದು ಮೊದಲಿನ ಹಾಗೆ ಮಾಡ್ಲಿಕ್ಕೆ ಆಗ್ತದಾ ನೋಡಿ". ನಾನು ಸೈನ್ಯದಲ್ಲಿ ಆರ್ಮರರ್, ಅಂದ್ರೆ ಕೋವಿ ನೋಡಿಕೊಳ್ಳುವವ, ಆಗಿದ್ದವ, ಈಗ ಅಡಿಕೆ ತೋಟ ನೋಡಿಕೊಂಡಿದ್ದೇನೆ. ಆ ಮೂವರಿಗೆ ಹೇಳಿದ್ದನ್ನೇ ಇಲ್ಲಿ ಬರೀತೇನೆ, ಯಾಕಂದ್ರೆ ಹಳೆ ರೈಫಲ್ ತುಕ್ಕಿನಿಂದ ಹಾಳಾದ್ದಕ್ಕಿಂತ ಚಂದ ಮಾಡ್ಲಿಕ್ಕೆ ಹೋಗಿ ಹಾಳಾದ್ದೇ ನಾನು ಜಾಸ್ತಿ ನೋಡಿದ್ದು.

ಒಂದು ವಿಷಯ ಮೊದಲೇ ಹೇಳಿಬಿಡ್ತೇನೆ. ಸೈನ್ಯದ .303 ನಮ್ಮ ದೇಶದಲ್ಲಿ ನಿಷೇಧಿತ ಬೋರ್ (ನಳಿಗೆ ತೂತಿನ ಅಳತೆ), ಮನೆ ಲೈಸೆನ್ಸಿಗೆ ಸಿಗುವಂಥದ್ದಲ್ಲ. ನಮ್ಮ ಮನೆಗಳಲ್ಲಿ ಇರುದು ಬಂಗಾಳದ ಇಶಾಪುರ ಸರ್ಕಾರಿ ಕೋವಿ ಫ್ಯಾಕ್ಟರಿಯ .315. ಸೈನ್ಯದ ಗುಂಡು ಊರವರ ಕೋವಿಗೆ ಹೊಂದಬಾರದು ಅಂತ ಬ್ರಿಟಿಷರ ಕಾಲದಲ್ಲೇ ಬೇರೆ ಅಳತೆ ಇಟ್ಟದ್ದು, ಅದೇ ಇವತ್ತಿಗೂ ನಡೀತಾ ಉಂಟು. ಆದ್ರೆ ಒಳಗಿನ ಬೋಲ್ಟು (ಗುಂಡಿನ ಹಿಂದೆ ಮುಚ್ಚುವ, ಹಿಡಿ ಇರುವ ಕಬ್ಬಿಣದ ತುಂಡು), ಬಾಡಿ ಎಲ್ಲ ಬ್ರಿಟಿಷ್ ಸೈನ್ಯದ ಅದೇ ಲೀ-ಎನ್‌ಫೀಲ್ಡ್ ವಂಶದ್ದೇ, ಹಾಗಾಗಿ ರೋಗಲಕ್ಷಣವೂ ಹೆಚ್ಚು ಕಮ್ಮಿ ಒಂದೇ. ಕೆಳಗೆ ಹೇಳುದರಲ್ಲಿ ಕೆಲವು ಉದ್ದ ಮರದ ಸೈನ್ಯದ ಮಾದರಿಗೆ ಮಾತ್ರ ಹೊಂದ್ತದೆ, ಅಲ್ಲಲ್ಲಿ ಹೇಳ್ತೇನೆ.

ಕಾನೂನಿನದ್ದೂ ಒಂದು ಮಾತು. ಆರ್ಮ್ಸ್ ಆ್ಯಕ್ಟ್ 1959ರ 5ನೇ ಸೆಕ್ಷನ್ ಪ್ರಕಾರ ಕೋವಿ ರಿಪೇರಿ ಮಾಡ್ಲಿಕ್ಕೆ ಬೇರೆಯೇ ಲೈಸೆನ್ಸ್ ಬೇಕು. ಕೋವಿ ನಿಮ್ಮ ಹೆಸರಲ್ಲಿದ್ರೆ ಉಜ್ಜುದು, ಒರೆಸುದು, ಎಣ್ಣೆ ಹಾಕುದು ನಿಮ್ಮ ಕೆಲಸ. ಅದಕ್ಕಿಂತ ಮುಂದಿನದ್ದು ಲೈಸೆನ್ಸ್ ಇದ್ದ ಗನ್‌ಸ್ಮಿತ್‌ನ ಕೆಲಸ. ನಾನೂ ಅಷ್ಟೇ, ಬಂದವರ ಹತ್ರ ಅವರ ಕೈಯಿಂದಲೇ ಒರೆಸಿಸ್ತೇನೆ, ಹೇಗೆ ಅಂತ ಹೇಳ್ತೇನೆ, ಸ್ಕ್ರೂ ಬಿಚ್ಚಿ ಕೊಡುದಿಲ್ಲ.

ಎಂತ ಮಾಡುದಕ್ಕೂ ಮೊದಲು

ಮ್ಯಾಗಝೀನ್, ಅಂದ್ರೆ ಗುಂಡು ತುಂಬುವ ಪೆಟ್ಟಿಗೆ, ತೆಗೆದು ಬದಿಗಿಡಿ, ಬೋಲ್ಟ್ ಪೂರ್ತಿ ಹಿಂದಕ್ಕೆ ಎಳೆಯಿರಿ, ಗುಂಡು ಕೂರುವ ಚೇಂಬರ್ ಕಣ್ಣಲ್ಲಿ ನೋಡಿ, ಆಮೇಲೆ ಕಿರುಬೆರಳು ಹಾಕಿ ನೋಡಿ. ಕಣ್ಣು ಮೋಸ ಮಾಡ್ತದೆ, ಬೆರಳು ಮಾಡುದಿಲ್ಲ. ಗುಂಡುಗಳನ್ನು ಬೇರೆ ಕೋಣೆಯಲ್ಲಿ ಬೀಗ ಹಾಕಿ ಇಡಿ, ಮಕ್ಕಳನ್ನು ದೂರ ಕಳಿಸಿ. ಅಜ್ಜ ತೀರಿಹೋಗಿ ವರ್ಷಗಟ್ಟಲೆ ಮುಟ್ಟದ ಕೋವಿ ಅಂತಾದ್ರೆ ಇನ್ನೂ ಜಾಗ್ರತೆ, ಖಾಲಿ ಅಂತ ಎಲ್ಲರೂ ನಂಬಿದ ಕೋವಿಯಲ್ಲಿ ಗುಂಡು ಇದ್ದದ್ದು ನಾನೇ ಕಂಡಿದ್ದೇನೆ. ಬೋಲ್ಟ್ ಹಿಂದೆ ಬರುದೇ ಇಲ್ಲ, ಒಳಗೆ ಎಂತದೋ ಸಿಕ್ಕಿಕೊಂಡಿದೆ ಅಂತಾದ್ರೆ ಅಲ್ಲಿಗೇ ನಿಲ್ಲಿಸಿ. ಸುತ್ತಿಗೆ ತರಬೇಡಿ.

ನಳಿಗೆಯಲ್ಲಿ ಬೆಳಕೇ ಕಾಣುದಿಲ್ಲ

ಇದನ್ನು ಮೊದಲು ಹಾಕಿದ್ದು ಇದಕ್ಕೆ ಒಂದು ಪೈಸೆ ಖರ್ಚಿಲ್ಲ, ಆದ್ರೆ ಇದು ಜೀವದ ಪ್ರಶ್ನೆ. ಬೋಲ್ಟ್ ಹೊರಗೆ ತೆಗೆದು, ಹಿಂದಿನಿಂದ ಕಣ್ಣಿಟ್ಟು ಕಿಟಕಿ ಬೆಳಕಿಗೆ ಅಥವಾ ಬಿಳಿ ಕಾಗದಕ್ಕೆ ಹಿಡಿದು ನೋಡಿ. ಬೆಳಕು ದುಂಡಗೆ ಕಾಣ್ಬೇಕು.

ಆ ಮೂವರಲ್ಲಿ ಒಬ್ಬರ ರೈಫಲಿನಲ್ಲಿ ಎಂತದೂ ಕಾಣ್ಲಿಲ್ಲ, ಪೂರಾ ಕತ್ತಲೆ. ಬಾಯಿಯ ಹತ್ರ ಟಾರ್ಚ್ ಹಿಡಿದ್ರೆ ಒಂದು ಬೆರಳು ಒಳಗೆ ನುಣ್ಣಗೆ ಮೆತ್ತಿದ ಕೆಂಪು ಮಣ್ಣು. ಕುಂಬಾರ ಹುಳ. ನಮ್ಮ ಕಡೆ ಬೀಗದ ತೂತು, ಸ್ವಿಚ್ ಬೋರ್ಡಿನ ತೂತು, ಎಂತದನ್ನೂ ಬಿಡುದಿಲ್ಲ ಅದು. ನೋಡ್ಲಿಕ್ಕೆ ಕಾಳಿನಷ್ಟು ಮಣ್ಣು, ಆದ್ರೆ ಅದರ ಹಿಂದೆ ಗುಂಡು ಹಾರಿದ್ರೆ ನಳಿಗೆ ಊದಿಕೊಳ್ತದೆ ಇಲ್ಲ ಒಡೀತದೆ. ಅವರು ಹಿಂದಿನ ದಿನ ಹಂದಿ ಬಂತು ಅಂತ ಕೋವಿ ಹಿಡ್ಕೊಂಡು ತೋಟಕ್ಕೆ ಇಳಿದಿದ್ರಂತೆ, ಹಂದಿ ಸಿಕ್ಕಲಿಲ್ಲ, ಅವರು ಉಳಿದ್ರು.

ಮಣ್ಣಿನ ಗೂಡಾದ್ರೆ ಎಣ್ಣೆ ಹಾಕಬೇಡಿ, ಕೆಸರಾಗಿ ಗಟ್ಟಿಯಾಗ್ತದೆ. ಸ್ವಲ್ಪ ನೀರು ಬಿಟ್ಟು ನೆನೆಸಿ, ಹಿತ್ತಾಳೆಯ ಅಥವಾ ಮರದ ಕೋಲಿನಿಂದ ಹಿಂದಿನಿಂದ ಮೆಲ್ಲ ತಳ್ಳಿ. ಕಬ್ಬಿಣದ ಸರಳು ಬೇಡ, ಗುಂಡು ತಿರುಗಿಸ್ಲಿಕ್ಕೆ ಒಳಗೆ ಕೊರೆದ ಗೀರು ತಿಂದು ಹಾಕ್ತದೆ. ಸಿಕ್ಕಿಕೊಂಡದ್ದು ಮಣ್ಣಲ್ಲ, ಸೀಸವೋ ತಾಮ್ರವೋ ಹಾಗೆ ಹೊಳೀತದೆ ಅಂತಾದ್ರೆ ಅದು ಒಳಗೇ ನಿಂತ ಗುಂಡು, ಮುಟ್ಟದೆ ಗನ್‌ಸ್ಮಿತ್ ಹತ್ರ ತೆಗೆದುಕೊಂಡು ಹೋಗಿ.

ಬೆಳಕು ಬರ್ತದೆ, ಆದ್ರೆ ಮಧ್ಯದಲ್ಲಿ ಬಳೆಯ ಹಾಗೆ ಒಂದು ಕಪ್ಪು ನೆರಳು ಕಾಣ್ತದೆ ಅಂತಾದ್ರೆ ಆ ಜಾಗದಲ್ಲಿ ಹಿಂದೆ ಯಾವಾಗಲೋ ನಳಿಗೆ ಊದಿದೆ. ಹೊರಗಿಂದ ಬೆರಳು ಸವರಿದ್ರೆ ಕೆಲವು ಸಲ ಉಬ್ಬು ಸಿಗ್ತದೆ. ಅದಕ್ಕೆ ಮದ್ದಿಲ್ಲ. ಗೋಡೆಯಲ್ಲಿ ಚಂದಕ್ಕೆ ಇರ್ಲಿ, ಗುಂಡು ಹಾಕುದು ಬೇಡವೇ ಬೇಡ.

ಹೊರಗೆ ಕೆಂಪು ತುಕ್ಕು

ತುಕ್ಕಲ್ಲಿ ಮೂರು ಜಾತಿ. ಕೈಗೆ ಹುಡಿ ಹತ್ತುವ ಕೆಂಪು, ಅದು ಹೊಸತು, ಮೇಲ್ಮೈಯದ್ದು. ಕೈಗೆ ಹತ್ತದ, ಗಟ್ಟಿ ಕಂದು ಬಣ್ಣ, ಅದು ವರ್ಷಗಳಿಂದ ನಿಂತು ಹೋದದ್ದು, ಅದರಿಂದ ಈಗ ಉಪದ್ರ ಇಲ್ಲ. ಮೂರನೆಯದ್ದು ಉಗುರು ಎಳೆದ್ರೆ ಸಿಕ್ಕಿಕೊಳ್ಳುವ ಹೊಂಡ, ಅಲ್ಲಿ ಕಬ್ಬಿಣ ಹೋಗಿ ಆಗಿದೆ, ಅದನ್ನು ತುಂಬಿಸ್ಲಿಕ್ಕೆ ಆಗುದಿಲ್ಲ.

ಮೊದಲ ಜಾತಿಗೆ ಬೇಕಾದ್ದು ಹೊಲಿಗೆ ಮೆಷಿನ್ ಎಣ್ಣೆ, ಹಳೆ ಬನಿಯನ್ ಬಟ್ಟೆ ಮತ್ತೆ ಒಂದು ರಾತ್ರಿ. ಎಣ್ಣೆ ಹಚ್ಚಿ ಬಿಡಿ, ಬೆಳಿಗ್ಗೆ ಒರಟು ಬಟ್ಟೆಯಿಂದ ಉಜ್ಜಿ. ಬಟ್ಟೆಗೆ ಕೆಂಪು ಬಂದ್ರೆ ಸರಿ ದಾರಿಯಲ್ಲಿದ್ದೀರಿ. ಹೋಗದಿದ್ರೆ ಇನ್ನೊಂದು ರಾತ್ರಿ. ಆಮೇಲೂ ಉಳಿದ್ರೆ ಅತಿ ಸಣ್ಣ ಎಳೆಯ, ಸೊನ್ನೆ ನಾಲ್ಕು ಅಂತ ಕೇಳಿದ್ರೆ ಕೊಡುವ ಸ್ಟೀಲ್ ವೂಲ್, ಅದನ್ನೂ ಎಣ್ಣೆಯಲ್ಲಿ ಅದ್ದಿಯೇ, ಒತ್ತದೆ. ಪಾತ್ರೆ ತಿಕ್ಕುವ ತಂತಿ ಬೇರೆ, ಅದು ಬೇಡ.

ಲಿಂಬೆಹುಳಿ, ಹುಣಸೆಹುಳಿ, ವಿನೆಗರ್, ಬಾತ್‌ರೂಮ್ ತೊಳೆಯುವ ಆ್ಯಸಿಡ್ ಯಾವುದೂ ಹತ್ರ ತರಬೇಡಿ. ಕಾರಣ ಸರಿಯಾಗಿ ತಿಳ್ಕೊಳ್ಳಿ. ರೈಫಲಿನ ಮೇಲಿನ ಆ ನೀಲಿ ಕಪ್ಪು ಬಣ್ಣ ಪೈಂಟ್ ಅಲ್ಲ, ಅದೂ ಕಬ್ಬಿಣದ ಆಕ್ಸೈಡೇ, ಅಂದ್ರೆ ಬೇಕೂಂತಲೇ ಬರಿಸಿದ ಕಪ್ಪು ತುಕ್ಕು. ಕೆಂಪು ತುಕ್ಕು ತಿನ್ನುವ ಹುಳಿ ಕಪ್ಪನ್ನು ಬಿಡ್ತದಾ? ಎರಡನ್ನೂ ಒಟ್ಟಿಗೆ ತಿಂದು ಬೆಳ್ಳಗಿನ ಕಬ್ಬಿಣ ಬಿಟ್ಟು ಹೋಗ್ತದೆ, ಆ ಬೆಳ್ಳಗಿನದ್ದು ನಮ್ಮ ಗಾಳಿಗೆ ಮರುದಿನವೇ ಕೆಂಪಾಗ್ತದೆ. ಇಶಾಪುರದ ನಂತರದ ಕಾಲದ ರೈಫಲುಗಳಲ್ಲಿ ಮಾತ್ರ ನಿಜವಾಗಿಯೂ ಕಪ್ಪು ಪೈಂಟ್ ಬಳಿದದ್ದುಂಟು. ಅದು ಫ್ಯಾಕ್ಟರಿಯದ್ದೇ, ಯಾರೋ ಮನೆಯಲ್ಲಿ ಬಳಿದದ್ದು ಅಂತ ಕೆರೆದು ಹಾಕಬೇಡಿ.

ಗ್ರೈಂಡರಿಗೆ ತಂತಿ ಚಕ್ರ ಹಾಕಿ ಉಜ್ಜಿಸುದು, ವರ್ಕ್‌ಶಾಪಿನಲ್ಲಿ ಬಫಿಂಗ್ ಮಾಡಿಸುದು, ಇದು ಅಂದಕ್ಕೆ ಮಾತ್ರ ಕೆಟ್ಟದ್ದಲ್ಲ. ಬಾಡಿ ಮೇಲಿನ ನಂಬರ್, ಕಿರೀಟದ ಗುರುತು, ಇಸವಿ ಎಲ್ಲ ಬಹಳ ಆಳಕ್ಕೆ ಇರುದಿಲ್ಲ, ಸವೆದು ಹೋಗ್ತದೆ. ನಂಬರ್ ಅಳಿಸಿದ ಕೋವಿ ಇಟ್ಟುಕೊಳ್ಳುದು ಆರ್ಮ್ಸ್ ಆ್ಯಕ್ಟಿನ 8ನೇ ಸೆಕ್ಷನಿಗೆ ಬರ್ತದೆ. ಚಂದ ಮಾಡ್ಲಿಕ್ಕೆ ಹೋಗಿ ಅಳಿಸಿತು ಅಂದ್ರೆ ಕೇಳುವವ್ರು ಯಾರು? ಉಜ್ಜುವ ಮೊದಲೇ ಎಲ್ಲ ನಂಬರಿನ ಫೋಟೋ ತೆಗೆದಿಡಿ.

ದುಂಡು ದುಂಡು ಚುಕ್ಕೆ ತುಕ್ಕು, ಒಂದೇ ಸಾಲಲ್ಲಿ

ಇದನ್ನು ನೋಡಿದ ತಕ್ಷಣ ನಾನು ಕೇಳುದು, "ಆಯುಧ ಪೂಜೆಗೆ ಗಂಧ ಹಚ್ಚಿದ್ದಾ?" ಹೌದು ಅಂತಲೇ ಬರ್ತದೆ ಉತ್ತರ. ನೀರಲ್ಲಿ ತೇಯ್ದ ಗಂಧ, ಮೇಲೆ ಕುಂಕುಮ, ಅದು ಒಣಗುವವರೆಗೆ ಕಬ್ಬಿಣಕ್ಕೆ ಒದ್ದೆ ಬಟ್ಟೆ ಕಟ್ಟಿದ ಹಾಗೆ. ಪೂಜೆ ಬಿಡಿ ಅಂತ ನಾನು ಹೇಳುವವನಲ್ಲ, ನಾವೂ ಮಾಡ್ತೇವೆ. ಗಂಧವನ್ನು ಬೆಲ್ಟಿಗೋ ಮರದ ಹಿಡಿಗೋ ಹಚ್ಚಿ, ಮಂಗಳಾರತಿ ಆದ ಮೇಲೆ ಅವತ್ತೇ ಒರೆಸಿ ಎಣ್ಣೆ ಕೈ ಆಡಿಸಿ. ಬೆರಳಚ್ಚಿನ ಆಕಾರದಲ್ಲೇ ತುಕ್ಕು ಬಂದಿದ್ರೆ ಅದು ಬೆವರಿನ ಉಪ್ಪು, ಮದ್ದು ಅದೇ.

ಬೋಲ್ಟ್ ಬಿಗಿ, ಅಂಟಂಟು

ಎಳೆದ್ರೆ ಜೇನಲ್ಲಿ ಚಮಚ ಎಳೆದ ಹಾಗೆ ಬರ್ತದೆ ಅಂತಾದ್ರೆ ಅದು ತುಕ್ಕಲ್ಲ, ಹಳೆ ಎಣ್ಣೆ. ನಮ್ಮ ಕಡೆ ಹೆಚ್ಚಿನವ್ರು ಹಾಕುದು ತೆಂಗಿನೆಣ್ಣೆ. ಮನೆಯಲ್ಲೇ ಇರ್ತದೆ, ಪರಿಮಳ ಉಂಟು, ಮೊದಲ ವಾರ ಚಂದ ಜಾರ್ತದೆ. ಆದ್ರೆ ಅದು ಕಮಟು ಹಿಡೀತದೆ, ಧೂಳು ಹಿಡ್ಕೊಳ್ತದೆ, ವರ್ಷ ಹೋದ ಹಾಗೆ ಕಂದು ಅಂಟಾಗ್ತದೆ, ಧನುರ್ಮಾಸದ ಬೆಳಿಗ್ಗೆ ಹೆಪ್ಪುಗಟ್ಟುದೂ ಉಂಟು. ಹೊಲಿಗೆ ಮೆಷಿನಿಗೆ ತೆಂಗಿನೆಣ್ಣೆ ಹಾಕಿ ನೋಡಿದವ್ರಿಗೆ ಗೊತ್ತುಂಟು. ಹಿತ್ತಾಳೆ ಹತ್ರ ಹಸಿರು ಕಿಲುಬು ಕಂಡ್ರೆ ಅದಕ್ಕೂ ಇದೇ ಹಳಸಿದ ಎಣ್ಣೆ ಕಾರಣ ಆಗಿರ್ಬಹುದು.

ಬೋಲ್ಟ್ ಹೊರಗೆ ತೆಗೆದು ಸೀಮೆಎಣ್ಣೆಯಲ್ಲಿ ಅಥವಾ ಪೈಂಟ್ ಅಂಗಡಿಯ ಟರ್ಪೆಂಟೈನಲ್ಲಿ ಹಳೆ ಟೂತ್‌ಬ್ರಷ್ ಅದ್ದಿ ತಿಕ್ಕಿ. ಗಾಳಿ ಆಡುವ ಜಗಲಿಯಲ್ಲಿ ಕೂತು ಮಾಡಿ, ಒಲೆ, ದೀಪ, ಬೀಡಿ ಯಾವುದೂ ಹತ್ರ ಇರಬಾರದು. ಮರದ ಮೇಲೆ ಬೀಳದ ಹಾಗೆ ನೋಡಿ. ಒಣ ಬಟ್ಟೆಯಲ್ಲಿ ಒರೆಸಿ ಮೆಷಿನ್ ಎಣ್ಣೆ ತೆಳ್ಳಗೆ, ಬೆರಳು ಸವರಿದ್ರೆ ಹೊಳೆಯುವಷ್ಟು ಮಾತ್ರ.

ಅಂಟು ಹೋದ ಮೇಲೂ ಬೋಲ್ಟ್ ಮುಚ್ಚುದಿಲ್ಲ, ಅಥವಾ ಮುಚ್ಚಿದ ಮೇಲೆ ಲಡಲಡ ಅಲ್ಲಾಡ್ತದೆ ಅಂತಾದ್ರೆ ಬೋಲ್ಟಿನ ಹಿಡಿಯ ಬುಡದಲ್ಲಿ ನಂಬರ್ ನೋಡಿ, ಬಾಡಿ ನಂಬರಿಗೆ ತಾಳೆ ಆಗ್ಬೇಕು. ಲೀ-ಎನ್‌ಫೀಲ್ಡಿನಲ್ಲಿ ಬೋಲ್ಟನ್ನು ಆಯಾ ರೈಫಲಿಗೇ ಕೂಡಿಸಿ ನಂಬರ್ ಹೊಡೆದದ್ದು. ಬೇರೆ ರೈಫಲಿನ ಬೋಲ್ಟ್ ಒಳಗೆ ಹೋಗ್ತದೆ, ಮುಚ್ಚಿಯೂ ಮುಚ್ತದೆ, ಆದ್ರೆ ಗುಂಡಿನ ಹಿಂದೆ ಇರಬೇಕಾದ ಅಂತರ ಹೆಚ್ಚು ಕಮ್ಮಿ ಆದ್ರೆ ಹಿತ್ತಾಳೆ ಕೇಸ್ ಒಡೆದು ಬೆಂಕಿ ಗಾಳಿ ಮುಖಕ್ಕೆ ಬರ್ತದೆ. ಆ ಅಂತರ ಗೇಜ್ ಇಟ್ಟೇ ನೋಡ್ಬೇಕು, ಕಣ್ಣಂದಾಜು ಆಗುದಿಲ್ಲ. ನಂಬರ್ ತಾಳೆ ಇಲ್ಲದಿದ್ರೆ ನಿಲ್ಲಿಸಿ.

ಕ್ಲೀನ್ ಮಾಡಿದ ಎರಡೇ ದಿನಕ್ಕೆ ನಳಿಗೆಯಲ್ಲಿ ಮತ್ತೆ ಕೆಂಪು

ಇದು ಎಲ್ಲಕ್ಕಿಂತ ಜಾಸ್ತಿ ಜನ ಹೇಳುವ ತೊಂದರೆ. ಎಣ್ಣೆ ಬಾಟ್ಲಿ ಖಾಲಿ ಮಾಡಿರ್ತಾರೆ, ಚಿಂದಿ ಬೆಳ್ಳಗೆ ಬರುವವರೆಗೆ ಎಳೆದಿರ್ತಾರೆ, ಎರಡು ದಿನ ಬಿಟ್ಟು ನೋಡಿದ್ರೆ ಪುನಃ ಕೆಂಪು.

ಕಾರಣ ಉಪ್ಪು. ಹಳೆ ಕಾಲದ ಗುಂಡಿನ ಪ್ರೈಮರಿನಲ್ಲಿ (ಬುಡದಲ್ಲಿರುವ, ಪೆಟ್ಟು ಬಿದ್ದಾಗ ಕಿಡಿ ಹೊತ್ತಿಸುವ ಸಣ್ಣ ಮುಚ್ಚಳ) ಪೊಟಾಸಿಯಂ ಕ್ಲೋರೇಟ್ ಇರ್ತಿತ್ತು, ಉರಿದ ಮೇಲೆ ಅದು ಪೊಟಾಸಿಯಂ ಕ್ಲೋರೈಡ್ ಆಗಿ ನಳಿಗೆ ಒಳಗೆ ಕೂತುಕೊಳ್ತದೆ, ನಮ್ಮ ಅಡಿಗೆ ಉಪ್ಪಿನ ಅಣ್ಣತಮ್ಮನೇ ಅದು. ಮಳೆಗಾಲದಲ್ಲಿ ಉಪ್ಪಿನ ಭರಣಿ ಹೇಗೆ ನೀರು ಬಿಡ್ತದೆ, ನಳಿಗೆ ಒಳಗೂ ಹಾಗೆಯೇ, ಗಾಳಿಯ ತೇವ ಎಳೆದುಕೊಂಡು ಕೂತಲ್ಲೇ ಕಬ್ಬಿಣ ತಿನ್ತದೆ. ಉಪ್ಪು ಎಣ್ಣೆಯಲ್ಲಿ ಕರಗುದಿಲ್ಲ. ನೀವು ಎಷ್ಟು ಎಣ್ಣೆ ಹಾಕಿದ್ರೂ ಉಪ್ಪಿನ ಮೇಲೆ ಹೊದಿಕೆ ಹಾಕಿದ ಹಾಗಾಯ್ತು, ಅಷ್ಟೇ. ಉಪ್ಪು ಕರಗುದು ನೀರಲ್ಲಿ. ಕೋವಿಗೆ ನೀರು ಅಂದ ಕೂಡ್ಲೆ ಜನ ಹೆದರ್ತಾರೆ, ಆದ್ರೆ .303 ಕಾಲದಲ್ಲಿ ಫೈರಿಂಗ್ ಮುಗಿಸಿ ಬಂದ ಮೇಲೆ ಕುದಿಯುವ ನೀರು ಹೊಯ್ಯುದು ಸೈನ್ಯದ ಕ್ರಮವೇ ಆಗಿತ್ತು.

ಬೋಲ್ಟ್ ತೆಗೆದಿಡಿ. ರೈಫಲಿನ ಬಾಯಿ ಕೆಳಗೆ, ಬಕೆಟಿನ ಒಳಗೆ. ಚೇಂಬರಿಗೆ ಕೊಳವೆ ಉದ್ದ ಇರುವ ಲಾಳಿಕೆ ಇಡಿ, ನೀರು ಮರದ ಒಳಗೋ ಟ್ರಿಗರಿನ ಭಾಗದ ಒಳಗೋ ಹೋಗಬಾರದು. ಕುದಿಯುವ ನೀರು ಸುಮಾರು 3 ಲೀಟರ್, ಮೆಲ್ಲ, ಒಂದೇ ಧಾರೆಯಲ್ಲಿ. ನಳಿಗೆ ಕೈ ಸುಡುವಷ್ಟು ಬಿಸಿ ಆಗ್ತದೆ, ದಪ್ಪ ಬಟ್ಟೆಯಲ್ಲಿ ಹಿಡಿಯಿರಿ, ಒಬ್ಬರೇ ಮಾಡಬೇಡಿ. ಆ ಬಿಸಿಯೇ ಬೇಕಾದ್ದು, ಒಳಗಿನ ನೀರು ತಾನಾಗಿ ಆರ್ತದೆ. ಕೂಡ್ಲೆ ಒಣ ಚಿಂದಿ ಎರಡು ಮೂರು ಸಲ, ಕೊನೆಗೆ ಎಣ್ಣೆ ಚಿಂದಿ ಒಂದು ಸಲ. ಉಗುರುಬೆಚ್ಚಗಿನ ನೀರು ಹೊಯ್ದ್ರೆ ಆರುದಿಲ್ಲ, ಇದ್ದದ್ದಕ್ಕಿಂತ ಹಾಳಾಗ್ತದೆ.

ಚಿಂದಿ ಅಂದ್ರೆ ಸೈನ್ಯದಲ್ಲಿ 4 ಇಂಚಿಗೆ 2 ಇಂಚಿನ ಫ್ಲಾನೆಲ್ ತುಂಡು, ಎಳೆಯುವ ದಾರಕ್ಕೆ ಫುಲ್ತರು ಅಂತಿದ್ರು. ಫುಲ್ತರು ಯಾವಾಗಲೂ ಹಿಂದಿನಿಂದ ಬಾಯಿಯ ಕಡೆಗೆ, ನಡುವೆ ನಿಲ್ಲಿಸದೆ, ದಾರ ಬಾಯಿಯ ಅಂಚಿಗೆ ಉಜ್ಜದ ಹಾಗೆ ನೇರ ಎಳೀಬೇಕು. ಓರೆ ಎಳೆದೆಳೆದು ದಾರವೇ ಕಬ್ಬಿಣ ಸವೆಸಿ ಬಾಯಿ ಮೊಟ್ಟೆ ಆಕಾರ ಆದ ನಳಿಗೆ ಎಷ್ಟೋ ಉಂಟು.

ಹೊರಗೆ ಬಂದ ಚಿಂದಿ ಬಿಸಾಡುವ ಮೊದಲು ನೋಡಿ. ಕಪ್ಪಾದ್ರೆ ಮದ್ದಿನ ಮಸಿ, ಅದು ಸಾಮಾನ್ಯ. ಕೆಂಪು ಕಂದು ಅಂದ್ರೆ ತುಕ್ಕು. ಹಸಿರು ನೀಲಿ ಅಂದ್ರೆ ಗುಂಡಿನ ಮೇಲಿನ ತಾಮ್ರ, ಉಪದ್ರ ಇಲ್ಲ. ನೀರು ಹೊಯ್ದು ಒಂದು ವಾರ ಬಿಟ್ಟು ಪುನಃ ಚಿಂದಿ ಎಳೆಯಿರಿ, ಕೆಂಪು ಬಾರದಿದ್ರೆ ಉಪ್ಪು ಹೋಯ್ತು. ಒಳಗಿನ ಗೀರುಗಳ ಅಂಚು ಇನ್ನೂ ಚೂಪಾಗಿ ಕಂಡ್ರೆ ನಳಿಗೆ ಕಪ್ಪಿದ್ರೂ ಜೀವ ಉಂಟು. ಗೀರೇ ಕಾಣದೆ ಹೊಂಡ ಹೊಂಡ ಮಾತ್ರ ಇದ್ರೆ ಉಜ್ಜಿ ಪ್ರಯೋಜನ ಇಲ್ಲ.

ಮರ ಕಪ್ಪು, ಬಿಳಿ ಬೂಸ್ಟು, ಹುಡಿ ಉದುರುದು

ಆಟಿ ತಿಂಗಳಲ್ಲಿ ಬಿಳಿ ಬೂಸ್ಟು ಬಾರದ ಮರದ ಸಾಮಾನು ನಮ್ಮಲ್ಲಿ ಯಾವುದುಂಟು? ಒಣ ಬಟ್ಟೆಯಲ್ಲಿ ಒರೆಸಿ ಗಾಳಿಗಿಟ್ರೆ ಸಾಕು, ಬಿಸಿಲಿಗೆ ಮಾತ್ರ ಇಡಬೇಡಿ, ಬಿರುಕು ಬಿಡ್ತದೆ. ಸಣ್ಣ ತೂತಿನಿಂದ ಹಿಟ್ಟಿನ ಹಾಗೆ ಹುಡಿ ಉದುರಿದ್ರೆ ಕುಟ್ಟೆ ಹುಳ. ಕೆಳಗೆ ಕಪ್ಪು ಕಾಗದ ಹಾಸಿ ಎರಡು ದಿನ ಬಿಡಿ, ಹೊಸ ಹುಡಿ ಬಿದ್ರೆ ಹುಳ ಒಳಗೆ ಜೀವಂತ ಉಂಟು, ಇಲ್ಲದಿದ್ರೆ ಹಳೆ ಗಾಯ. ಬೆರಳಲ್ಲಿ ಬಡಿದಾಗ ಪೊಳ್ಳು ಸದ್ದು ಬಂದ್ರೆ ಒರಲೆ ತಿಂದಿದೆ, ಆ ಮರ ಬದಲಿಸದೆ ಆಗುದಿಲ್ಲ.

ಕೈ ಹಿಡಿಯುವಲ್ಲಿ ಕಪ್ಪಾದ್ದು ದಶಕಗಳ ಎಣ್ಣೆ ಮತ್ತೆ ಬೆವರು. ಟರ್ಪೆಂಟೈನ್ ಬಟ್ಟೆಯಲ್ಲಿ ಹಲವು ಸಲ ಒರೆಸಿದ್ರೆ ಬಣ್ಣ ತಿಳಿ ಆಗ್ತದೆ. ಮರಳು ಕಾಗದ ಹಾಕಬೇಡಿ ಅಂತ ಕೈ ಮುಗಿದು ಕೇಳ್ತೇನೆ. ಮರ ಮತ್ತೆ ಕಬ್ಬಿಣ ಸೇರುವಲ್ಲಿ ಮರ ಕೂದಲೆಳೆ ಎತ್ತರ ಇರುದು ಕ್ರಮ, ಉಜ್ಜಿದ್ರೆ ಅದು ತಗ್ಗಾಗ್ತದೆ, ಮರದ ಮೇಲೆ ಹೊಡೆದ ಮುದ್ರೆಯೂ ಹೋಗ್ತದೆ, ಹೋದದ್ದು ತಿರುಗಿ ಬರುದಿಲ್ಲ. ತಗ್ಗು ಬಿದ್ದಲ್ಲಿ ಒದ್ದೆ ಬಟ್ಟೆ ಮಡಚಿಟ್ಟು ಇಸ್ತ್ರಿ ಪೆಟ್ಟಿಗೆ ತಾಗಿಸಿ, ಹಬೆಗೆ ಮರ ಉಬ್ಬಿ ಮೇಲೆ ಬರ್ತದೆ, ಎರಡು ಮೂರು ಸಲ ಮಾಡ್ಬೇಕಾದೀತು.

ಮೊದಲಿನ ಫಿನಿಶ್ ವಾರ್ನಿಷ್ ಅಲ್ಲ, ಅಗಸೆ ಎಣ್ಣೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಲಿನ್ಸೀಡ್ ಅಂತ ಕೇಳಿ. ಅಂಗೈಯಲ್ಲಿ ನಾಲ್ಕು ಹನಿ ಹಾಕಿ, ಅಂಗೈ ಬಿಸಿಯಾಗುವಷ್ಟು ತಿಕ್ಕಿ, ಅರ್ಧ ಗಂಟೆ ಬಿಟ್ಟು ಉಳಿದದ್ದನ್ನು ಒರೆಸಿಬಿಡಿ, ಮರುದಿನ ಪುನಃ. ಮಳೆಗಾಲದಲ್ಲಿ ಒಣಗುದಿಲ್ಲ, ಡಿಸೆಂಬರಿಂದ ಮೇಲೆ ಮಾಡಿ. ಒರೆಸಿದ ಬಟ್ಟೆ ಮುದ್ದೆ ಮಾಡಿ ಮೂಲೆಗೆ ಬಿಸಾಡಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿ ಬಿಡ್ತದೆ, ಮುದ್ದೆಯೊಳಗೆ ಬಿಸಿ ಕೂಡಿ ತಾನಾಗಿ ಬೆಂಕಿ ಹಿಡೀತದೆ. ಅಂಗಳದಲ್ಲಿ ಬಿಡಿಸಿ ಹಾಕಿ, ಇಲ್ಲ ನೀರಲ್ಲಿ ಮುಳುಗಿಸಿಡಿ.

ಹಿಂದಿನ ಮರ ಅಲ್ಲಾಡ್ತದೆ

ಉದ್ದ ಮರದ ಸೈನ್ಯದ ಮಾದರಿ, ಅಂದ್ರೆ ಮಾರ್ಕ್ 3 ಆದ್ರೆ, ಹಿಂದಿನ ಮರವನ್ನು ಬಾಡಿಗೆ ಬಿಗಿಯುವ ಒಳಗಿನ ಉದ್ದ ಬೋಲ್ಟನ್ನು (ಮೇಲೆ ಹೇಳಿದ ಬೋಲ್ಟ್ ಅಲ್ಲ) ಸ್ಕ್ರೂಡ್ರೈವರ್ ಹಾಕಿ ತಿರುಗಿಸ್ಲೇ ಬೇಡಿ. ಆ ಬೋಲ್ಟಿನ ಚೌಕ ತುದಿ ಮುಂದಿನ ಮರದ ಹಿಂಬದಿಯ ಒಂದು ತಗಡಿನಲ್ಲಿ ಕೂತಿರ್ತದೆ. ಮುಂದಿನ ಮರ ಬಿಚ್ಚದೆ ಅದನ್ನು ತಿರುಗಿಸಿದ್ರೆ ಮರ ಚಟ್ ಅಂತ ಸೀಳ್ತದೆ. ಹೊಸ ಹುಡುಗನೊಬ್ಬ ನನ್ನ ಕಣ್ಣೆದುರೇ ಹಾಗೆ ಮಾಡಿದ್ದ, ಆ ಸದ್ದು ಇನ್ನೂ ಕಿವಿಯಲ್ಲುಂಟು. ಅಲ್ಲಾಡ್ತದೆ ಅಂತ ಗೊತ್ತಾದ್ರೆ ಸಾಕು, ಬಿಗಿ ಮಾಡುದು ಗನ್‌ಸ್ಮಿತ್.

ಮುಂದಿನ ಮರಕ್ಕೆ ಅಡ್ಡವಾಗಿ ಒಂದು ಸ್ಕ್ರೂ ಕಂಡ್ರೆ, ಅದು ಯಾರೋ ಮಾಡಿದ ತೇಪೆ ಅಲ್ಲ, ಇಶಾಪುರದವ್ರೇ ಮರ ಗಟ್ಟಿ ನಿಲ್ಲಲಿ ಅಂತ ಹಾಕಿದ್ದು. ಕೆಲವಕ್ಕೆ ಮರದ ಸುತ್ತ ತಂತಿ ಸುತ್ತಿದ್ದುಂಟು, ಅದು ಗ್ರೆನೇಡ್ ಹಾರಿಸುವ ಕೆಲಸಕ್ಕೆ ಬಲಪಡಿಸಿದ್ದು. ಮಾರ್ಕಿನ ಪಕ್ಕ ಒಂದು ನಕ್ಷತ್ರ ಇದ್ರೆ ಮ್ಯಾಗಝೀನ್ ಮುಚ್ಚುವ ತಗಡು ಇಲ್ಲ ಅಂತ ಹುಡುಕಿಕೊಂಡು ಹೋಗಬೇಡಿ, ಮೊದಲನೇ ಯುದ್ಧದ ಮಧ್ಯೆ ಕೆಲಸ ಬೇಗ ಆಗ್ಲಿ ಅಂತ ಅದನ್ನು ಬಿಟ್ಟೇ ಮಾಡಿದ್ದು. ಇದನ್ನೆಲ್ಲ ತೆಗೆದ್ರೆ, ಸೇರಿಸಿದ್ರೆ ಮೊದಲಿನ ಸ್ಥಿತಿ ಆಗುದಿಲ್ಲ, ಇದ್ದ ಮೊದಲಿನ ಸ್ಥಿತಿ ಹೋಗ್ತದೆ.

ಕೂಡ್ಲೆ ನಿಲ್ಲಿಸಬೇಕಾದ್ದು

ಸೇಫ್ಟಿ ಹಾಕಿದ್ರೂ ಟ್ರಿಗರ್ ಎಳೆದಾಗ ಬೋಲ್ಟಿನ ಹಿಂತುದಿಯ ಕಾಕಿಂಗ್ ಪೀಸ್ ಜಾರ್ತದೆ, ಬೋಲ್ಟ್ ಜೋರಾಗಿ ಮುಚ್ಚಿದಾಗ ತಾನಾಗಿ ಬೀಳ್ತದೆ, ಬೋಲ್ಟಿನಲ್ಲೋ ಬಾಡಿಯಲ್ಲೋ ಕೂದಲೆಳೆ ಬಿರುಕು ಕಾಣ್ತದೆ, ಹಿಂದೆ ಹಾರಿಸಿದ ಹಿತ್ತಾಳೆ ಕೇಸಿನ ಬುಡದ ಹತ್ರ ಹೊಳೆಯುವ ಉಂಗುರದ ಗುರುತು ಉಂಟು. ಇದರಲ್ಲಿ ಒಂದು ಕಂಡ್ರೂ ಆ ಕೋವಿಗೆ ಗುಂಡು ಹಾಕಬೇಡಿ, ಬಿಚ್ಚಿ ನೋಡ್ಲಿಕ್ಕೂ ಹೋಗಬೇಡಿ. ನಳಿಗೆ ಗಿಡ್ಡ ಮಾಡಿಸುದಂತೂ 6ನೇ ಸೆಕ್ಷನಿನ ಕೆಳಗೆ ಬರುವ ಬೇರೆಯೇ ಅಪರಾಧ.

ಇಲ್ಲಿ ನಮ್ಮ ಗಡಿನಾಡಿನ ಒಂದು ಕಷ್ಟ ಉಂಟು. ನಮಗೆ ಆಸ್ಪತ್ರೆಯಿಂದ ಹಿಡಿದು ಜವಳಿ ತನಕ ಎಲ್ಲದಕ್ಕೂ ಮಂಗಳೂರೇ ಹತ್ರ, ಕಾಸರಗೋಡಿನಿಂದ 50 ಕಿಲೋಮೀಟರ್. ಆದ್ರೆ ತಲಪಾಡಿ ದಾಟಿದ್ರೆ ಬೇರೆ ರಾಜ್ಯ. ನಿಮ್ಮ ಲೈಸೆನ್ಸಿನಲ್ಲಿ ಏರಿಯಾ ಅಂತ ಇರುವ ಕಾಲಂ ನೋಡಿ, ಕೇರಳ ಮಾತ್ರ ಅಂತ ಇದ್ರೆ ಕೋವಿ ಕಾರಲ್ಲಿ ಹಾಕಿ ಮಂಗಳೂರಿನ ಗನ್‌ಸ್ಮಿತ್ ಹತ್ರ ಹೋಗ್ಲಿಕ್ಕೆ ಆಗುದಿಲ್ಲ. ಅಖಿಲ ಭಾರತ ಅಂತ ಇದ್ರೆ ಆದೀತು, ಆಗಲೂ ಲೈಸೆನ್ಸ್ ಬುಕ್ ಒಟ್ಟಿಗೆ, ಕೋವಿ ಖಾಲಿ, ಕವರಿನ ಒಳಗೆ. ಡೌಟಿದ್ರೆ ಸ್ಟೇಷನಿನಲ್ಲಿ ಕೇಳಿಯೇ ಹೊರಡಿ.

ಮನೆಗೆ ತಂದ ಮೇಲೆ ಆ ಕವರಿನಿಂದ ಹೊರಗೆ ತೆಗೆಯಿರಿ. ಚರ್ಮದ್ದಾದ್ರೂ ಕ್ಯಾನ್ವಾಸಿನದ್ದಾದ್ರೂ ಕವರ್ ತೇವ ಹಿಡಿದಿಡ್ತದೆ, ಆ ಮೂರರಲ್ಲಿ ಒಂದರ ತುಕ್ಕು ಕವರಿನ ಹೊಲಿಗೆ ಇದ್ದ ಗೆರೆಯಲ್ಲೇ ಉದ್ದಕ್ಕೆ ಎಳೆದ ಹಾಗಿತ್ತು. ಬೀಗ ಇರುವ ಮರದ ಕಪಾಟಿನಲ್ಲಿ, ಗೋಡೆಗೆ ತಾಗದ ಹಾಗೆ, ಎಣ್ಣೆ ಇಳಿದು ಹಿಂದಿನ ಮರಕ್ಕೆ ಹೋಗದ ಹಾಗೆ ಬಾಯಿ ಕೆಳಗೆ ಮಾಡಿ ನಿಲ್ಲಿಸಿ. ಜೂನಿಂದ ಸೆಪ್ಟೆಂಬರ್ ತನಕ ವಾರಕ್ಕೊಮ್ಮೆ ಬಾಗಿಲು ತೆಗೆದು ಎಣ್ಣೆ ಬಟ್ಟೆ ಆಡಿಸಿ, ಗುಂಡು ಹಾರಿಸದಿದ್ರೂ ತಿಂಗಳಿಗೊಮ್ಮೆ ಬೋಲ್ಟ್ ತೆಗೆದು ಬೆಳಕಿಗೆ ಹಿಡಿದು ನೋಡಿ, ಕುಂಬಾರ ಹುಳಕ್ಕೆ ಗೂಡು ಕಟ್ಲಿಕ್ಕೆ ಒಂದೆರಡು ದಿನ ಸಾಕು.